ಕಟಕಟೆಯ ಎದುರಿನ ಕುರ್ಚಿ

ಕಲಾದಗಿ ಎಂದರೆ ಇಂದಿನವರಿಗೆ ದಾಳಿಂಬೆ, ಚಿಕ್ಕು ನೆನಪಾಗುತ್ತವೆ. ಬಾಗಲಕೋಟೆ ತಾಲ್ಲೂಕಿನ ಈ ಊರು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿತ್ತು. 1864ರಲ್ಲಿ ಬ್ರಿಟಿಷ್ ಸರ್ಕಾರ ಹೊಸ ಜಿಲ್ಲೆ ಕಟ್ಟಿದಾಗ ಅದಕ್ಕೆ ಕಲಾದಗಿಯ ಹೆಸರನ್ನೇ ಇಟ್ಟಿತು. ಬಾದಾಮಿ, ಹುನಗುಂದ, ಬಾಗಲಕೋಟೆ, ಬಿಜಾಪುರ ಎಲ್ಲವೂ ಅದರೊಳಗಿದ್ದವು. ಎರಡು ದಶಕದ ನಂತರ, 1885ರಲ್ಲಿ, ಕೇಂದ್ರ ಬಿಜಾಪುರಕ್ಕೆ ಹೋಯಿತು. ಹಳೆಯ ಆದಿಲಶಾಹಿ ಅರಮನೆಗಳಿಗೆ ಸುಣ್ಣ ಬಳಿದು, ಬಾಗಿಲು ಕೂಡಿಸಿ ಸರ್ಕಾರಿ ಕಚೇರಿಗಳನ್ನು ತೆರೆದರು. ಅಲ್ಲಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ, 1997ರ ಆಗಸ್ಟ್ 15ರಂದು ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ, ಈ ಸೀಮೆಯ ಜನ ದೊಡ್ಡ ವ್ಯಾಜ್ಯಗಳಿಗೆ ಬಿಜಾಪುರದ ದಾರಿ ಹಿಡಿಯಬೇಕಾಗಿತ್ತು.

ಈ ನಾಡಿನ ಚರಿತ್ರೆಯನ್ನು ಬಾದಾಮಿಯ ಗುಹೆಗಳಿಂದ, ಐಹೊಳೆಯ ಗುಡಿಗಳಿಂದ ಹೇಳುವುದು ರೂಢಿ. ಅದೇ ಚರಿತ್ರೆಯನ್ನು ಮತ್ತೊಂದು ಕಡೆಯಿಂದಲೂ ಹೇಳಬಹುದು. ಹೊಲದ ಬದುವಿಗಾಗಿ, ಅಣ್ಣತಮ್ಮಂದಿರ ವಾಟ್ನಿಗಾಗಿ, ಸಾಲದ ಪತ್ರಕ್ಕಾಗಿ, ಮುಳುಗಿದ ಮನೆಯ ಬೆಲೆಗಾಗಿ ಜನ ಯಾರ ಮುಂದೆ ನಿಂತರು? ಅವರ ಮಾತನ್ನು ಮೊದಲು ಕೇಳಿದವರು ಯಾರು? ಮೇಲಿನ ನ್ಯಾಯಾಲಯಗಳು ಕಾಗದ ಓದಿ ತೀರ್ಮಾನಿಸುತ್ತವೆ. ಸಾಕ್ಷಿ ಹೇಳುವವನ ಮುಖವನ್ನು ನೇರವಾಗಿ ನೋಡುವವರು ವಿಚಾರಣಾ ನ್ಯಾಯಾಧೀಶರು ಮಾತ್ರ. ಸಾಕ್ಷಿಯ ನಡವಳಿಕೆ ಕಂಡಂತೆ ಅದನ್ನು ಬರೆದಿಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಅವರಿಗೆ ಅಧಿಕಾರ ಕೊಟ್ಟಿದೆ. ಆದರೂ ನಾಡಿನ ಚರಿತ್ರೆಯ ಪುಸ್ತಕಗಳಲ್ಲಿ ಆ ಕುರ್ಚಿಯ ಮೇಲೆ ಕುಳಿತವರಿಗೆ ಒಂದು ಪುಟವೂ ಸಿಕ್ಕಿಲ್ಲ.

ಆ ಕುರ್ಚಿ ಬರುವ ಮೊದಲೂ ಇಲ್ಲಿ ನ್ಯಾಯವಿತ್ತು, ಅದು ಸಮೂಹದ ಕೈಯಲ್ಲಿತ್ತು. ಐಹೊಳೆಯ ಹೆಸರನ್ನು ದಕ್ಷಿಣ ಭಾರತದಾಚೆಗೂ ಒಯ್ದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘ ತನ್ನ ಸದಸ್ಯರಿಗೆ ತನ್ನದೇ ಕಟ್ಟುಪಾಡುಗಳನ್ನು ಇಟ್ಟುಕೊಂಡಿತ್ತು. ಎಂಟನೆಯ ಶತಮಾನದ ಮೊದಲ ಭಾಗದಲ್ಲಿ, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ನಗರಕ್ಕೂ ‘ಆಚಾರ ವ್ಯವಸ್ಥೆ’ಯನ್ನು ಕಲ್ಲಿನ ಮೇಲೆ ಬರೆಸಿಕೊಟ್ಟ. ಅರಸನ ಅಧಿಕಾರಿಗಳು ಊರವರೊಂದಿಗೆ ಹೇಗೆ ನಡೆದುಕೊಳ್ಳಬೇಕು, ಊರವರ ಹಕ್ಕುಬಾಧ್ಯತೆಗಳೇನು, ದಂಡದ ಲೆಕ್ಕವೇನು ಎಂಬುದೆಲ್ಲ ಅದರಲ್ಲಿದೆ. ಅಧಿಕಾರಕ್ಕೆ ಒಂದು ಎಲ್ಲೆ ಇರಬೇಕು, ಆ ಎಲ್ಲೆ ಎಲ್ಲರ ಕಣ್ಣಿಗೆ ಕಾಣುವಂತೆ ಬರಹದಲ್ಲಿರಬೇಕು ಎಂಬ ತಿಳಿವಳಿಕೆ ಆಗಲೇ ಇಲ್ಲಿ ಇತ್ತೆನ್ನಲು ಆ ಕಲ್ಲೇ ಸಾಕು.

ಮುಂದೆ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಬರಹ, ಅನುಭೋಗ, ಸಾಕ್ಷಿ ಈ ಮೂರು ಪ್ರಮಾಣಗಳಿಂದ ವ್ಯವಹಾರ ಇತ್ಯರ್ಥವಾಗಬೇಕು, ಇವು ಸಿಗದಿದ್ದರೆ ಮಾತ್ರ ದಿವ್ಯಕ್ಕೆ, ಅಂದರೆ ಬೆಂಕಿ, ನೀರಿನಂಥ ಪರೀಕ್ಷೆಗೆ, ಹೋಗಬೇಕು ಎಂದು ಅದು ಹೇಳುತ್ತದೆ. ಇವತ್ತಿಗೂ ಬಾದಾಮಿಯ ಕೋರ್ಟಿನಲ್ಲಿ ಹೊಲದ ದಾವೆ ನಡೆದರೆ ವಕೀಲರು ಕೇಳುವುದು ಇದೇ ಮೂರು: ಖರೀದಿ ಪತ್ರ ಎಲ್ಲಿ, ಕಬ್ಜೆ ಯಾರದು, ನೋಡಿದವರು ಯಾರು?

ಬಿಜಾಪುರದಲ್ಲಿ ಮಹಮ್ಮದ್ ಆದಿಲಶಾಹ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಅಸರ್ ಮಹಲಿನ ಮೊದಲ ಹೆಸರು ದಾದ್ ಮಹಲ್. ಅದನ್ನು ನ್ಯಾಯದ ಚಾವಡಿಯಾಗಲೆಂದೇ ಕಟ್ಟಿಸಿದ್ದರು. ಆದರೆ ಹಳ್ಳಿಯ ತಕರಾರು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಅದನ್ನು ಪಾಟೀಲ, ಕುಲಕರ್ಣಿ, ದೇಸಾಯಿ ಮತ್ತು ಪಂಚರೇ ಕೂತು ಮುಗಿಸುತ್ತಿದ್ದರು.

1818ರ ಆರಂಭದಲ್ಲಿ ಬ್ರಿಟಿಷ್ ಸೇನಾಧಿಕಾರಿ ಥಾಮಸ್ ಮನ್ರೋ ಬಾದಾಮಿ ಕೋಟೆಯನ್ನು ಹಿಡಿದ. ಪೇಶ್ವೆ ಆಡಳಿತ ಮುಗಿಯಿತು. ಊರ ಪಂಚಾಯ್ತಿಯ ಮೇಲೆ ಮನ್ರೋ ಮತ್ತು ಮುಂದೆ ಮುಂಬಯಿಯ ಗವರ್ನರನಾದ ಎಲ್ಫಿನ್‌ಸ್ಟನ್ ಇಬ್ಬರಿಗೂ ಗೌರವವಿತ್ತು, ಅದನ್ನು ಉಳಿಸಿಕೊಳ್ಳಬೇಕೆಂದು ಎಲ್ಫಿನ್‌ಸ್ಟನ್ ವಾದಿಸಿದ್ದ. ಆದರೆ 1827ರಲ್ಲಿ ಅವನ ಹೆಸರಿನಿಂದಲೇ ಪ್ರಸಿದ್ಧವಾದ ಮುಂಬಯಿ ಕಾನೂನು ಸಂಹಿತೆ ಜಾರಿಗೆ ಬಂದ ಮೇಲೆ ಪಂಚರ ಮಾತಿಗಿಂತ ಕೋರ್ಟಿನ ಮುದ್ರೆಗೆ ತೂಕ ಹೆಚ್ಚಿತು. ಮುನ್ಸೀಫ, ಸದರ ಅಮೀನ ಎಂಬ ಹುದ್ದೆಗಳಿಗೆ ದೇಶೀಯರು ಬಂದರು. ಅವರ ಮೇಲಿನ ಜಡ್ಜ್ ಸಾಹೇಬ ಮಾತ್ರ ಇಂಗ್ಲಿಷರವನೇ.

ಹೊಸ ಆಡಳಿತಕ್ಕೆ ಎದುರಾದವರಿಗೆ ಆ ಕೋರ್ಟು ಹೇಗೆ ಕಂಡಿತು ಎಂಬುದಕ್ಕೆ ಈ ಸೀಮೆಯಲ್ಲೇ ಎರಡು ಉದಾಹರಣೆಗಳಿವೆ. 1841ರಲ್ಲಿ ನರಸಿಂಗ ದತ್ತಾತ್ರೇಯ ಎಂಬ ಕಣ್ಣು ಕಾಣದ ಬ್ರಾಹ್ಮಣ ನಿಜಾಮನ ಸೀಮೆಯಿಂದ ಅರಬರ ಪಡೆ ಕಟ್ಟಿಕೊಂಡು ಬಂದು ಬಾದಾಮಿಯನ್ನು ವಶಪಡಿಸಿಕೊಂಡ. ಕೆಲವೇ ದಿನಗಳಲ್ಲಿ ಸೆರೆಸಿಕ್ಕು, ವಿಚಾರಣೆ ನಡೆದು, ಜೀವಾವಧಿ ಶಿಕ್ಷೆಗೆ ಗುರಿಯಾದ. 1857ರ ನವೆಂಬರಿನ ಕೊನೆಯಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ನಿಂತಾಗ ಊರಿಗೇ ಬೆಂಕಿ ಬಿತ್ತು. ಸೆರೆಸಿಕ್ಕವರಲ್ಲಿ ಹತ್ತೊಂಬತ್ತು ಜನರನ್ನು ಡಿಸೆಂಬರ್ 11 ಮತ್ತು 14ರಂದು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಕಾಳಗಕ್ಕೂ ಮೊದಲ ನೇಣಿಗೂ ನಡುವೆ ಎರಡು ವಾರ ಕೂಡ ಇರಲಿಲ್ಲ. ಆ ಅವಸರದ ನ್ಯಾಯಕ್ಕೆ ಉತ್ತರವೆಂಬಂತೆ ಜನ ಲಾವಣಿ ಕಟ್ಟಿದರು. ಮುಂದೆ ಜೆ. ಎಫ್. ಫ್ಲೀಟ್ ಅದನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ.

ಇಂದು ಕೊಲೆ ಪ್ರಕರಣದಲ್ಲಿ ಸೆಷನ್ಸ್ ನ್ಯಾಯಾಧೀಶರು ಮರಣದಂಡನೆ ವಿಧಿಸಿದರೆ ಹೈಕೋರ್ಟ್ ಅದನ್ನು ದೃಢಪಡಿಸುವವರೆಗೆ ಯಾರನ್ನೂ ಗಲ್ಲಿಗೇರಿಸುವಂತಿಲ್ಲ. ಹಲಗಲಿಯ ಕಥೆ ತಿಳಿದವರಿಗೆ ಆ ಒಂದು ಕಲಮಿನ ಬೆಲೆ ಗೊತ್ತಾಗುತ್ತದೆ.

ಈಗಿನ ಶ್ರೇಣಿಯ ಬುನಾದಿ ಬಿದ್ದದ್ದು 1869ರ ಮುಂಬಯಿ ಸಿವಿಲ್ ನ್ಯಾಯಾಲಯಗಳ ಕಾಯಿದೆಯಿಂದ. ಜಿಲ್ಲೆಗೊಬ್ಬ ಜಿಲ್ಲಾ ನ್ಯಾಯಾಧೀಶ, ಕೆಳಗೆ ಮೊದಲ ಮತ್ತು ಎರಡನೆಯ ದರ್ಜೆಯ ಅಧೀನ ನ್ಯಾಯಾಧೀಶರು. ಈ ಏಣಿಯಲ್ಲಿ ಭಾರತೀಯನ ಬದುಕು ಹೇಗಿತ್ತೆಂದು ತಿಳಿಯಲು ಅದೇ ಮುಂಬಯಿ ಪ್ರಾಂತದ ಇಬ್ಬರನ್ನು ನೋಡಬಹುದು. ಮಹಾದೇವ ಗೋವಿಂದ ರಾನಡೆ 1871ರಲ್ಲಿ ಪುಣೆಯಲ್ಲಿ ಅಧೀನ ನ್ಯಾಯಾಧೀಶರಾದರು. ಸಾರ್ವಜನಿಕ ಕೆಲಸದಲ್ಲಿ ತೊಡಗಿದ್ದ ಅವರ ಮೇಲೆ ಸರ್ಕಾರಕ್ಕೆ ಸಂಶಯ ಹುಟ್ಟಿ ನಾಸಿಕ, ಧುಳೆಗಳಿಗೆ ವರ್ಗವಾದರು. ಹೈಕೋರ್ಟ್ ಪೀಠ ಸಿಕ್ಕಿದ್ದು 1893ರಲ್ಲಿ. ಐ.ಸಿ.ಎಸ್. ಪರೀಕ್ಷೆಯನ್ನು ಮೊದಲು ಗೆದ್ದ ಭಾರತೀಯ ಸತ್ಯೇಂದ್ರನಾಥ ಠಾಕೂರರಂತೂ ಮೂರು ದಶಕ ದುಡಿದೂ ಜಿಲ್ಲಾ ನ್ಯಾಯಾಧೀಶರ ಮಟ್ಟದಲ್ಲೇ ನಿವೃತ್ತರಾದರು. ಅವರು ಕಾರವಾರದಲ್ಲಿ ಜಡ್ಜ್ ಆಗಿದ್ದಾಗ ತಮ್ಮ ರವೀಂದ್ರನಾಥರು ಅವರ ಮನೆಯಲ್ಲಿ ಉಳಿದಿದ್ದರು, ಕಡಲ ತಡಿಯ ಆ ದಿನಗಳು ರವೀಂದ್ರರ ಬರಹಕ್ಕೂ ಇಳಿದವು. ಊರಿಂದೂರಿಗೆ ವರ್ಗ, ಎಲ್ಲೂ ಬೇರು ಬಿಡದ ಸಂಸಾರ, ದಿನವಿಡೀ ಪರರ ಜಗಳ. ಕಾರವಾರಕ್ಕೆ ಅನ್ವಯಿಸಿದ್ದು ಬಿಜಾಪುರಕ್ಕೂ ಬಾಗಲಕೋಟೆಗೂ ಅನ್ವಯಿಸುತ್ತಿತ್ತು.

ಆ ಕುರ್ಚಿಗೆ ಈ ಸೀಮೆಯಲ್ಲಿ ದೊಡ್ಡ ಪರೀಕ್ಷೆ ಒಡ್ಡಿದ್ದು ಬರ. 1876ರಿಂದ 78ರ ಮಹಾ ಬರದಲ್ಲಿ ಕಲಾದಗಿ ಜಿಲ್ಲೆ ಬರಡಾಯಿತು. 1872ರ ಜನಗಣತಿಯಲ್ಲಿ 8 ಲಕ್ಷಕ್ಕೂ ಹೆಚ್ಚಿದ್ದ ಜನಸಂಖ್ಯೆ 1881ರ ಹೊತ್ತಿಗೆ 6.4 ಲಕ್ಷದ ಆಸುಪಾಸಿಗೆ ಇಳಿಯಿತು. ಉಳಿದುಕೊಂಡ ರೈತನ ಕೈಯಲ್ಲಿ ಇದ್ದದ್ದು ಸಾಲ. ಸಾಹುಕಾರ ಪತ್ರ ಹಿಡಿದು ಕೋರ್ಟಿಗೆ ಬಂದರೆ ಕಾನೂನು ಆ ಪತ್ರವನ್ನಷ್ಟೇ ನೋಡುತ್ತಿತ್ತು. ಹೆಬ್ಬೆಟ್ಟು ಒತ್ತಿದವನಿಗೆ ಎಷ್ಟು ಹಣ ನಿಜವಾಗಿ ಕೈಸೇರಿತ್ತು, ಬಡ್ಡಿ ಎಷ್ಟು ಸಲ ಅಸಲಿಗೆ ಸೇರಿತ್ತು ಎಂದು ಕೇಳುವ ಅವಕಾಶ ಇರಲಿಲ್ಲ. ರೈತ ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ, ಆಮೇಲೆ ಜಪ್ತಿ. 1875ರಲ್ಲಿ ಪುಣೆ, ಅಹ್ಮದನಗರದ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನೇ ಸುಟ್ಟದ್ದು ಇದೇ ಸಿಟ್ಟಿನಿಂದ. 1879ರ ದಖನ್ ರೈತ ಪರಿಹಾರ ಕಾಯಿದೆ ಆ ನಿಯಮವನ್ನು ತಿರುಗಿಸಿತು: ನ್ಯಾಯಾಧೀಶ ಪತ್ರದ ಹಿಂದೆ ಹೋಗಿ ವ್ಯವಹಾರದ ಪೂರ್ತಿ ಚರಿತ್ರೆಯನ್ನು ವಿಚಾರಿಸಬೇಕು. ಮೊದಲು ನಾಲ್ಕು ಮರಾಠಿ ಜಿಲ್ಲೆಗಳಿಗಷ್ಟೇ ಇದ್ದ ಈ ಕಾಯಿದೆಯನ್ನು ಮುಂದೆ ಪ್ರಾಂತದ ಬೇರೆ ಭಾಗಗಳಿಗೂ ವಿಸ್ತರಿಸಿದರು. ಕಾಗದದ ಆಚೆಗಿನ ಮನುಷ್ಯನನ್ನು ನೋಡುವುದು ವಿಚಾರಣಾ ನ್ಯಾಯಾಧೀಶನ ಕರ್ತವ್ಯ ಎಂದು ಕಾನೂನೇ ಬಾಯಿಬಿಟ್ಟು ಹೇಳಿದ ಅಪರೂಪದ ಸಂದರ್ಭ ಅದು.

ಪಕ್ಕದಲ್ಲೇ ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು ತಮ್ಮ ಸಂಸ್ಥಾನಗಳಲ್ಲಿ ತಮ್ಮದೇ ಕೋರ್ಟು ನಡೆಸುತ್ತಿದ್ದರು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದೊಳಗೆ ಸೇರಿದವು. ಜಮಖಂಡಿಯಲ್ಲಿ ವಕೀಲಿ ಮಾಡಿ, ಅಲ್ಲಿನ ಮುಖ್ಯಮಂತ್ರಿಯಾಗಿ, 1977ರಲ್ಲಿ ದೇಶದ ಹಂಗಾಮಿ ರಾಷ್ಟ್ರಪತಿಯಾದ ಬಿ. ಡಿ. ಜತ್ತಿ ಆ ಪರಂಪರೆಯಿಂದ ಬಂದವರು. ಸ್ವಾತಂತ್ರ್ಯದ ನಂತರದ ದೊಡ್ಡ ಬದಲಾವಣೆ 1951ರದು. ಅಲ್ಲಿಯವರೆಗೆ ಕಂದಾಯ ವಸೂಲಿ ಮಾಡುವ ಮಾಮಲೇದಾರನೇ ಮ್ಯಾಜಿಸ್ಟ್ರೇಟನೂ ಆಗಿದ್ದ. ಹಿಡಿಸುವವನೂ ವಿಚಾರಿಸುವವನೂ ಒಂದೇ ಕಚೇರಿಯವರು. ಮುಂಬಯಿ ರಾಜ್ಯ ಕಾಯಿದೆ ಮಾಡಿ ಈ ಎರಡನ್ನೂ ಬೇರ್ಪಡಿಸಿತು. ದೇಶಕ್ಕೆಲ್ಲ ಅದು ಬಂದದ್ದು 1974ರಲ್ಲಿ, ಹೊಸ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ. ಈ ಒಂದು ವಿಷಯದಲ್ಲಿ ಬಾದಾಮಿ, ಹುನಗುಂದದ ಜನ ದೇಶದ ಎಷ್ಟೋ ಭಾಗಗಳಿಗಿಂತ ಮುಂದಿದ್ದರು.

1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1964ರ ಕಾಯಿದೆ ಎಲ್ಲ ಪ್ರದೇಶಗಳ ಸಿವಿಲ್ ಕೋರ್ಟುಗಳನ್ನು ಒಂದೇ ಚೌಕಟ್ಟಿಗೆ ತಂದು, ಜಿಲ್ಲಾ ನ್ಯಾಯಾಧೀಶ, ಸಿವಿಲ್ ನ್ಯಾಯಾಧೀಶ, ಮುನ್ಸೀಫ್ ಎಂಬ ಮೂರು ಮೆಟ್ಟಿಲು ಮಾಡಿತು. ಮುನ್ಸೀಫರು ಈಗ ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರು. ಜನರ ಬಾಯಲ್ಲಿ ಮಾತ್ರ ಎಲ್ಲರೂ ಇಂದಿಗೂ ‘ಜಡ್ಜ್ ಸಾಹೇಬ್ರು’. ದಾವೆ ಮುಂದೆ ಹೋದರೆ ‘ತಾರೀಖು ಬಿತ್ತು’, ಹೊಲದ ದಾಖಲೆ ಎಂದರೆ ‘ಉತಾರ’.

ಬಾಗಲಕೋಟೆಯ ವಿಚಾರಣಾ ನ್ಯಾಯಾಲಯದ ಚರಿತ್ರೆಯಲ್ಲಿ ಎಲ್ಲಕ್ಕಿಂತ ಭಾರವಾದ ಅಧ್ಯಾಯ ಇನ್ನೂ ಬರಬೇಕಾಗಿತ್ತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಕೃಷ್ಣೆಯ ನೀರಿನ ಹಂಚಿಕೆ ಬಚಾವತ್ ನ್ಯಾಯಮಂಡಳಿಯ ಮುಂದೆ ಹೋಯಿತು, ಅಣೆಕಟ್ಟಿನ ಎತ್ತರದ ತಕರಾರು ಸುಪ್ರೀಂ ಕೋರ್ಟಿನವರೆಗೆ ಏರಿತು, 2000ದ ಏಪ್ರಿಲಿನಲ್ಲಿ ತೀರ್ಪು ಬಂತು. ದಿಲ್ಲಿಯ ಆ ವಾದಗಳನ್ನು ಪತ್ರಿಕೆಗಳು ಮುಖಪುಟದಲ್ಲಿ ಅಚ್ಚು ಹಾಕಿದವು. ಅದೇ ಹೊತ್ತಿಗೆ ಘಟಪ್ರಭೆಯ ದಂಡೆಯ ಹಳೆ ಬಾಗಲಕೋಟೆಯ ಬೀದಿಗಳು, ಕೃಷ್ಣೆಯ ದಂಡೆಯ ಕಪ್ಪು ನೆಲದ ಹೊಲಗಳು, ಮಸೀದಿ, ಗುಡಿ, ಮಠಗಳು ಹಿನ್ನೀರಿನ ಗೆರೆಯೊಳಗೆ ಬಂದಿದ್ದವು. ಅವುಗಳ ಬೆಲೆ ಎಷ್ಟೆಂಬ ಪ್ರಶ್ನೆ ಮಾತ್ರ ಮೊದಲು ದಿಲ್ಲಿಗೆ ಹೋಗಲಿಲ್ಲ. ಅದು ಇಲ್ಲಿನ ಸಿವಿಲ್ ನ್ಯಾಯಾಧೀಶರ ಮೇಜಿನ ಮೇಲೆ ಬಂದು ಕೂತಿತು.

ಅದರ ದಾರಿ ಹೀಗಿತ್ತು. 1894ರ ಭೂಸ್ವಾಧೀನ ಕಾಯಿದೆಯಡಿ ಭೂಸ್ವಾಧೀನಾಧಿಕಾರಿ ಐತೀರ್ಪು ಹೊರಡಿಸಿ ಎಕರೆಗೆ ಇಷ್ಟೆಂದು ದರ ಕಟ್ಟುತ್ತಿದ್ದರು. ರೈತ ಆ ಹಣವನ್ನು ‘ತಕರಾರಿನೊಂದಿಗೆ’ ಪಡೆದು, 18ನೆಯ ಕಲಮಿನಡಿ ಅರ್ಜಿ ಕೊಟ್ಟರೆ ಪ್ರಕರಣ ಕೋರ್ಟಿಗೆ ಬರುತ್ತಿತ್ತು. ಕರ್ನಾಟಕದ ತಿದ್ದುಪಡಿಯಂತೆ ನೋಟಿಸು ತಲುಪಿದ ತೊಂಬತ್ತು ದಿನಗಳೊಳಗೆ ಅರ್ಜಿ ಹಾಕಬೇಕಾಗಿತ್ತು. ಕೋರ್ಟು ಅಧಿಕಾರಿ ಕೊಟ್ಟ ದರವನ್ನು ಏರಿಸಬಹುದಿತ್ತೇ ಹೊರತು ಇಳಿಸುವಂತಿರಲಿಲ್ಲ. ಓದುಬರಹ ಬಾರದ ಹಿಡುವಳಿದಾರನಿಗೆ ಈ ಗಡುವಿನ ವಿಷಯ ಹೇಳುವವರು ಸಿಕ್ಕರೆ ಪುಣ್ಯ.

ಆಮೇಲೆ ಕಟಕಟೆಯಲ್ಲಿ ನಿಂತು ರೈತ ತನ್ನ ಹೊಲವನ್ನು ಮಾತಿನಲ್ಲಿ ಕಟ್ಟಿಕೊಡಬೇಕಾಗಿತ್ತು. ಬಾವಿ ಇತ್ತೇ, ಎಷ್ಟು ಆಳ, ಪಂಪಿನ ರಸೀದಿ ಇದೆಯೇ, ಹಿಂಗಾರಿಯಲ್ಲಿ ಬಿಳಿಜೋಳ ಎಷ್ಟು ಚೀಲ, ಕಡಲೆ ಎಷ್ಟು, ಕಬ್ಬು ಯಾವ ವರ್ಷದಿಂದ, ಬದುವಿನ ಬೇವು ಎಷ್ಟು, ಮಾವು ಎಷ್ಟು. ಎ.ಪಿ.ಎಂ.ಸಿ.ಯ ಧಾರಣೆ ಪಟ್ಟಿ, ಕೃಷಿ ಇಲಾಖೆಯ ಇಳುವರಿ ಲೆಕ್ಕ, ಅಕ್ಕಪಕ್ಕದ ಹೊಲಗಳ ಖರೀದಿ ಪತ್ರ ಎಲ್ಲವೂ ಸಾಕ್ಷ್ಯವಾಗಿ ಬರುತ್ತಿದ್ದವು. ನ್ಯಾಯಾಧೀಶರು ವರ್ಷದ ಉತ್ಪನ್ನದಿಂದ ಸಾಗುವಳಿ ಖರ್ಚು ಕಳೆದು, ಉಳಿದದ್ದನ್ನು ಸಾಮಾನ್ಯವಾಗಿ ಹತ್ತರಿಂದ ಗುಣಿಸಿ ಎಕರೆಯ ಬೆಲೆ ತೆಗೆಯುತ್ತಿದ್ದರು. ಉದಾಹರಣೆಗೆ, ನಿವ್ವಳ ಆದಾಯ 5,000 ರೂಪಾಯಿ ಎಂದು ಒಪ್ಪಿದರೆ ಎಕರೆಗೆ 50,000. ಅದರ ಮೇಲೆ 30% ಸಾಂತ್ವನ ಧನ, ಅಧಿಸೂಚನೆಯ ದಿನದಿಂದ 12% ಹೆಚ್ಚುವರಿ ಮೊತ್ತ, ಏರಿಸಿದ ಮೊತ್ತಕ್ಕೆ ಮೊದಲ ವರ್ಷ 9%, ನಂತರ 15% ಬಡ್ಡಿ. ಬಿಳಿಜೋಳದ ಇಳುವರಿ ಎಕರೆಗೆ ಒಂದು ಕ್ವಿಂಟಲ್ ಹೆಚ್ಚೋ ಕಡಿಮೆಯೋ ಎಂದು ನ್ಯಾಯಾಧೀಶರು ಬರೆಯುವ ಒಂದು ಸಾಲಿನಿಂದ ಒಂದು ಮನೆತನದ ಮುಂದಿನ ತಲೆಮಾರಿನ ದಾರಿ ಬದಲಾಗುತ್ತಿತ್ತು. ಆ ಸಾಲನ್ನು ಬರೆಯುವವರಿಗೆ ಈ ನೆಲದ ಎರೆ, ಮಸಾರಿಗಳ ವ್ಯತ್ಯಾಸ ತಿಳಿದಿರಬೇಕಾಗಿತ್ತು.

ತೀರ್ಪು ಬಂದರೂ ಹಣ ಬರುವುದು ಬೇರೆಯೇ ಹೋರಾಟ. ಡಿಕ್ರಿಯ ಮೊತ್ತ ಕಟ್ಟದ ಸರ್ಕಾರಿ ಕಚೇರಿಯ ಜೀಪು, ಕುರ್ಚಿ, ಕಂಪ್ಯೂಟರುಗಳನ್ನು ಕೋರ್ಟಿನ ಸಿಬ್ಬಂದಿ ಜಪ್ತಿ ಮಾಡಿದ ಸುದ್ದಿ ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದರ ಹಿಂದೆ ಇರುವುದು ತಾಲ್ಲೂಕು ಮಟ್ಟದ ಒಬ್ಬ ನ್ಯಾಯಾಧೀಶರ ಸಹಿ. ಅರಸೊತ್ತಿಗೆಯ ಅಧಿಕಾರಿಗೂ ಮಿತಿಯಿದೆ ಎಂದು ಲಕ್ಷ್ಮೇಶ್ವರದ ಶಾಸನ ಹೇಳಿದ್ದನ್ನು ಈ ಸಹಿಗಳು ಇಂದಿನ ಸರ್ಕಾರಕ್ಕೆ ಹೇಳುತ್ತಿವೆ.

ಇಂಥ ಅಧಿಕಾರ ಹೊತ್ತವರ ಬದುಕು ಹೇಗಿದೆ? ಅಮೆರಿಕದಲ್ಲಿ ಫೆಡರಲ್ ವಿಚಾರಣಾ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪುತ್ತದೆ, ಆಮೇಲೆ ಅವರಿಗೆ ನಿವೃತ್ತಿಯ ವಯಸ್ಸೇ ಇಲ್ಲ. ಅಲ್ಲಿ ಒಕ್ಕೂಟಕ್ಕೊಂದು, ರಾಜ್ಯಗಳಿಗೊಂದು ನ್ಯಾಯಾಲಯಗಳ ಸಾಲು. ನಮ್ಮಲ್ಲಿ ಸಾಲು ಒಂದೇ. ಸಂಸತ್ತು ಮಾಡಿದ ಕಾಯಿದೆ, ವಿಧಾನಸಭೆ ಮಾಡಿದ ಕಾಯಿದೆ ಎರಡೂ ಬಾಗಲಕೋಟೆಯ ನವನಗರದ ಅದೇ ಕೋರ್ಟಿನಲ್ಲಿ ವಿಚಾರಣೆಗೆ ಬರುತ್ತವೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆ ಇದೆ. ಆ ಹೆಸರನ್ನು ಯಾರಾದರೂ ಕದ್ದರೆ ದಾವೆ ಹೂಡಬೇಕಾದದ್ದು ಜಿಲ್ಲಾ ನ್ಯಾಯಾಲಯದಲ್ಲೇ, ಅದಕ್ಕಿಂತ ಕೆಳಗಿನ ಕೋರ್ಟು ಅದನ್ನು ಕೇಳುವಂತಿಲ್ಲ. ಇಷ್ಟೆಲ್ಲ ಹೊರುವ ನಮ್ಮ ನ್ಯಾಯಾಧೀಶರು ಪರೀಕ್ಷೆ ಬರೆದು ಬರುತ್ತಾರೆ, ಕೆಲವೇ ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುತ್ತಾರೆ, 60ಕ್ಕೆ ನಿವೃತ್ತರಾಗುತ್ತಾರೆ. ಅವರ ಸಂಬಳ, ಮನೆ, ಸೌಕರ್ಯಗಳ ಬಗ್ಗೆ ದೇಶ ಗಂಭೀರವಾಗಿ ಯೋಚಿಸಿದ್ದು ಕನ್ನಡಿಗರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಆಯೋಗ 1999ರಲ್ಲಿ ವರದಿ ಕೊಟ್ಟ ಮೇಲೆ. ಹೊಸ ಪದವೀಧರರು ನೇರವಾಗಿ ಪೀಠಕ್ಕೆ ಬರಬಹುದೇ ಎಂಬ ಚರ್ಚೆಗೆ 2025ರ ಮೇ 20ರಂದು ಸುಪ್ರೀಂ ಕೋರ್ಟ್ ತೆರೆ ಎಳೆದು, ಮೂರು ವರ್ಷದ ವಕೀಲಿಯನ್ನು ಮತ್ತೆ ಕಡ್ಡಾಯ ಮಾಡಿತು. ಜನರ ಕಷ್ಟವನ್ನು ಕಟಕಟೆಯ ಈಚೆ ನಿಂತು ಕಂಡವರೇ ಆಚೆ ಕೂರಲಿ ಎಂಬ ಈ ನಿಲುವು ಸರಿಯಾದದ್ದು.

ಮೇಲ್ಮನವಿಯ ದಾರಿಯೂ ಹತ್ತಿರವಾಗಿದೆ. ಬೆಂಗಳೂರಿಗೆ ರಾತ್ರಿಯೆಲ್ಲ ಪ್ರಯಾಣ ಮಾಡುತ್ತಿದ್ದ ಕಕ್ಷಿದಾರರಿಗೆ 2008ರ ಜುಲೈನಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಸಿಕ್ಕಿತು, 2013ರಲ್ಲಿ ಅದು ಕಾಯಂ ಆಯಿತು. ಇದು ವಕೀಲರ, ಜನರ ದಶಕಗಳ ಹೋರಾಟದ ಫಲ.

ವಾಟ್ನಿ ದಾವೆಗಳಲ್ಲೂ ಕಾಲ ತಿರುಗಿದೆ. ವಿಜ್ಞಾನೇಶ್ವರನ ಮಿತಾಕ್ಷರಾ ಪದ್ಧತಿಯಲ್ಲಿ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಇದ್ದದ್ದು ಗಂಡುಮಕ್ಕಳಿಗೆ. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೂ ಆ ಹಕ್ಕನ್ನು ಕೊಟ್ಟಿತು, ಕೇಂದ್ರ 2005ರಲ್ಲಿ ಕೊಟ್ಟಿತು, ತಂದೆ ಬದುಕಿದ್ದರೋ ಇಲ್ಲವೋ ಎಂಬ ಗೊಂದಲವನ್ನು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು. ಕಾಯಿದೆ ಬರೆದವರು ಬೆಂಗಳೂರು, ದಿಲ್ಲಿಯಲ್ಲಿದ್ದರು. ಹುನಗುಂದದ ಒಬ್ಬ ಅಕ್ಕ ತವರಿನ ಹೊಲದಲ್ಲಿ ಹಿಸ್ಸೆ ಕೇಳಿ ಬಂದಾಗ ಅದನ್ನು ಗುಂಟೆ ಲೆಕ್ಕದಲ್ಲಿ ಅಳೆದು ಕೊಡಿಸುವ ಕೆಲಸ ಮಾತ್ರ ವಿಚಾರಣಾ ನ್ಯಾಯಾಧೀಶರದು.

ಇಷ್ಟು ದೊಡ್ಡ ಚರಿತ್ರೆಯ ಆಕರ ಎಲ್ಲಿದೆ? ಕೋರ್ಟಿನ ರೆಕಾರ್ಡ್ ರೂಮಿನಲ್ಲಿ. ನಿಯಮದಂತೆ ಕೆಲವು ಕಾಗದಗಳನ್ನು ಶಾಶ್ವತವಾಗಿ ಇಡುತ್ತಾರೆ, ಉಳಿದವನ್ನು ಅವಧಿ ಮುಗಿದ ಮೇಲೆ ನಾಶ ಮಾಡುತ್ತಾರೆ. ಮುಳುಗಡೆಯ ಕಡತಗಳಲ್ಲಿ ರೈತರು ಹೇಳಿದ ಸಾಕ್ಷಿಗಳೇ ನೀರಿನಡಿ ಹೋದ ಊರುಗಳ ಕೊನೆಯ ವರ್ಣನೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇತ್ತು, ಯಾರ ಮನೆಗೆ ಎಷ್ಟು ಅಂಕಣ, ಯಾವ ಬಾವಿಯ ನೀರು ಬೇಸಿಗೆಗೂ ಬತ್ತುತ್ತಿರಲಿಲ್ಲ ಎಂಬುದು ಇಷ್ಟು ವಿವರವಾಗಿ ಬೇರೆಲ್ಲೂ ಸಿಗಲಾರದು.

ಬಿಜಾಪುರದ ಕೋರ್ಟಿನಲ್ಲಿ ಸರ್ಕಾರಿ ವಕೀಲರಾಗಿದ್ದ ಫ. ಗು. ಹಳಕಟ್ಟಿ ಮನೆಮನೆ ಸುತ್ತಿ ತಾಳೆಗರಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅವರು ಕೂಡಿಸದಿದ್ದರೆ ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರ ಎಷ್ಟೋ ಮಾತುಗಳು ಗೆದ್ದಲಿನ ಪಾಲಾಗುತ್ತಿದ್ದವು. ಅಂಥದೇ ಕೆಲಸ ಈಗ ಕೋರ್ಟಿನ ಕಡತಗಳಿಗೆ ಆಗಬೇಕು. ಹೈಕೋರ್ಟ್, ರಾಜ್ಯ ಪತ್ರಾಗಾರ ಇಲಾಖೆ, ಜಿಲ್ಲೆಯ ವಕೀಲರ ಸಂಘಗಳು ಕೂಡಿ ಮುಳುಗಡೆ ಪ್ರಕರಣಗಳ ಸಾಕ್ಷ್ಯದ ಹಾಳೆಗಳನ್ನು ನಾಶದ ಪಟ್ಟಿಯಿಂದ ತೆಗೆದು ಸ್ಕ್ಯಾನ್ ಮಾಡಿಸಿಡಬೇಕು. ಇತಿಹಾಸ ವಿಭಾಗಗಳ ಸಂಶೋಧಕರು ಅವನ್ನು ಓದಲು ಅನುಮತಿ ಕೇಳಬೇಕು. ಪರಿಹಾರದ ದಾವೆ ನಡೆಸಿದ ಮನೆತನಗಳು ತಮ್ಮ ಪೆಟ್ಟಿಗೆಯಲ್ಲಿರುವ ತೀರ್ಪಿನ ನಕಲನ್ನು, ಉತಾರವನ್ನು, ಅಜ್ಜನ ಸಾಕ್ಷಿಯ ಪ್ರತಿಯನ್ನು ರದ್ದಿಗೆ ಹಾಕದೆ ಮಕ್ಕಳ ಕೈಗೆ ಕೊಡಬೇಕು.